ಸರದಾರ ಮೊಲರಾಯರಿಗೆ, ಅವರ ಬಾಣಂತಿಯ ವಿಷಯವಾಗಿ

ಮಸ್ಕಿ, ತಾಲೂಕು ಲಿಂಗಸುಗೂರು
ಫಸಲಿ ವರ್ಷ ೧೩೫೧, ಎಳ್ಳಮವಾಸ್ಯೆಯಾದ ಮೂರನೆಯ ದಿನ

ನಮ್ಮ ಹಿತ್ತಿಲಿನ ಬಿದಿರು ಗೂಡಿನ ಎಡಭಾಗದಲ್ಲಿ ವಾಸವಾಗಿರುವ ಶ್ರೀಮಾನ್ ಸರದಾರ ಮೊಲರಾಯರ ಸನ್ನಿಧಿಗೆ,

ಮಾನ್ಯರೇ,

ಗದ್ದೆಪ್ಪ ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ತಮ್ಮ ಕ್ಷೇಮಸಮಾಚಾರವನ್ನು ಬರೆಯಿಸಬೇಕೆಂದು ಕೇಳುವುದು ಪದ್ಧತಿಯಾದರೂ, ಗೂಡಿನ ಕೆಳಗೆ ದಿನವೂ ಬೀಳುವ ಹಿಕ್ಕೆಯನ್ನು ಗುಡಿಸುವವನು ನಾನೇ ಆದ್ದರಿಂದ ಆ ತೊಂದರೆಯನ್ನು ತಮಗೆ ಕೊಡುವುದಿಲ್ಲ. ತಮ್ಮ ಕಿವಿಗಳು ಸದಾ ನೆಟ್ಟಗಿರಲಿ, ಕುದುರೆಮಸಾಲೆ ಸೊಪ್ಪಿಗೆ ತಮ್ಮ ಜೀವಮಾನದಲ್ಲಿ ಬರ ಬಾರದಿರಲಿ ಎಂದು ಹಾರೈಸಿ, ತಮ್ಮ ಮೇಲೆ ನನ್ನದೊಂದು ದೂರಿದೆ ಎಂಬುದನ್ನು ಬಹಳ ಸಂಕೋಚದಿಂದ ಅರಿಕೆ ಮಾಡಿಕೊಳ್ಳುತ್ತೇನೆ.

ಈ ದೂರಿನ ಮೂಲ ಸಂಗತಿಯನ್ನು ಮೊದಲು ಹೇಳಿದವಳು ನಮ್ಮೂರ ಸೂಲಗಿತ್ತಿ ಮೈಮುನಾಬಿ. ಹೇಳಿದ್ದು ಹೋದ ತಿಂಗಳ ಛಟ್ಟಿ ಅಮವಾಸ್ಯೆಗೆ ಇನ್ನೂ ಒಂದು ವಾರವಿದ್ದಾಗ, ನನ್ನ ಮಗಳು ತಿಮ್ಮವ್ವ ಹೆತ್ತ ಮೂರನೆಯ ದಿನ ಬೆಳಿಗ್ಗೆ, ಬಾಣಂತಿಗೂ ಕೂಸಿಗೂ ನೀರು ಹಾಕಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹಿತ್ತಿಲಿಗೆ ಬಂದು ತಮ್ಮ ಗೂಡಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತಾಗ. ಊರಿನ ಕಟ್ಟೆಯ ಮೇಲೆ ಮೂವತ್ತು ವರ್ಷದಿಂದ ಕಥೆ ಹೇಳುತ್ತ ಬಂದ ನಾನು ಇನ್ನೊಬ್ಬರ ಕಥೆಯನ್ನು ನನ್ನದೆಂದು ಹೇಳಿದವನಲ್ಲ. ಆದ್ದರಿಂದ ಈ ಪತ್ರದಲ್ಲಿ ಎಲ್ಲಾದರೂ ಬುದ್ಧಿಯ ಮಾತು ಬಂದರೆ ಅದು ಮೈಮುನಾಬಿಯದು, ದಡ್ಡತನ ಬಂದರೆ ಅದು ನಮ್ಮ ಮನೆಯದು ಎಂದು ತಾವು ತಿಳಿಯಬೇಕು.

ದೂರು ಏನೆಂದರೆ, ತಾವು ತಮಗೇ ತಿಳಿಯದಂತೆ ನನ್ನ ಮಗಳ ವಿರುದ್ಧ ಸಾಕ್ಷಿ ನುಡಿದಿದ್ದೀರಿ.

ನನ್ನ ಅಳಿಯ ಪಂಪಣ್ಣನನ್ನು ತಾವು ಬಲ್ಲಿರಿ. ಲಿಂಗಸುಗೂರಿನ ಒಂದು ಕಚೇರಿಯಲ್ಲಿ ಕಾಗದಗಳ ನಕಲು ತೆಗೆಯುವ ಮುನ್ಶಿ. ಕಳೆದ ದಸರೆಯಲ್ಲಿ, ವರ್ಗವಾಗಿ ಹೊರಟಿದ್ದ ಯಾರೋ ಸಾಹೇಬರ ಬಂಗಲೆಯಿಂದ ತಮ್ಮನ್ನೂ ತಮ್ಮ ಪತ್ನಿಯವರನ್ನೂ ಒಂದೇ ಬುಟ್ಟಿಯಲ್ಲಿ ಹಾಕಿಕೊಂಡು ಬಂದು, ತವರಿನಲ್ಲಿದ್ದ ಎಂಟು ತಿಂಗಳ ಬಸುರಿ ಹೆಂಡತಿಗೆ ಬೇಸರ ಕಳೆಯಲೆಂದು ಕೊಟ್ಟುಹೋದವನು ಅವನೇ. ಅಂಥ ಪ್ರೀತಿಯ ಅಳಿಯ ಇವತ್ತು ಬೆಳಿಗ್ಗೆ ಕಮಾನು ಕಟ್ಟಿದ ಗಾಡಿಯೊಂದಿಗೆ ನಮ್ಮ ಬಾಗಿಲಿಗೆ ಬಂದಿಳಿದಿದ್ದಾನೆ. ನಾಳೆ ಬೆಳಿಗ್ಗೆ ಹೆಂಡತಿಯನ್ನೂ ಎರಡು ಮಕ್ಕಳನ್ನೂ ಕೂರಿಸಿಕೊಂಡು ಹೋಗುವುದು ಅವನ ಇರಾದೆ. ಕೂಸು ಹುಟ್ಟಿ ಇವತ್ತಿಗೆ ನಲವತ್ತಮೂರು ದಿನ. ಹೆತ್ತ ಹೆಣ್ಣು ಐದು ತಿಂಗಳು ತವರಿನಲ್ಲಿರುವುದು ನಮ್ಮ ಸೀಮೆಯ ಪದ್ಧತಿ. ನಾವು ಪದ್ಧತಿಯನ್ನು ಮುಂದಿಟ್ಟರೆ ಅವನು ತಮ್ಮನ್ನು ಮುಂದಿಡುತ್ತಾನೆ. ದೀಪಾವಳಿಗೆ ಬಂದಾಗ ತಮ್ಮ ಗೂಡಿನ ಎದುರಿಗೆ ನಿಂತು ಅವನು ಆಡಿದ ಮಾತು ತಮ್ಮ ಉದ್ದನೆಯ ಕಿವಿಗೂ ಬಿದ್ದಿರಲೇಬೇಕು: “ನೋಡ್ರಿ ಮಾವಾರ, ಎಷ್ಟ ಚಂದ ಅದಾವು. ಒಂದ ಗೂಡು, ಒಂದ ಮೇವು. ಮರಿ ಹಾಕಿ ಹತ್ತು ದಿನ ಆಗಿಲ್ಲ, ಗಂಡ ಹೆಂಡತಿ ಮೈಗೆ ಮೈ ಹಚ್ಚಿ ಕುಂತಾವು. ಇವಕ್ಕ ತವರೂ ಇಲ್ಲ, ಏನೂ ಇಲ್ಲ. ಐದು ತಿಂಗಳು ಅನ್ನೋದು ನಾವ ಮನಷ್ಯಾರು ಹಚ್ಚಿಕೊಂಡ ರೋಗ.” ಇವತ್ತು ಬಂದವನು ಕಾಲು ತೊಳೆಯುವ ಮೊದಲೇ ಆ ಮಾತಿನ ಇನ್ನೊಂದು ನಕಲು ತೆಗೆದಿದ್ದಾನೆ. ಹಿತ್ತಿಲಿಗೆ ಹೋಗಿ ಈಗ ತಾವು ಹೇಗಿದ್ದೀರಿ ಎಂದು ನೋಡಿಯೇ ಇಲ್ಲ.

ಹಾಗಿದ್ದರೆ ಅಳಿಯನಿಗೇ ನೇರವಾಗಿ ಹೇಳಬಾರದೇ, ಪಾಪದ ಮೊಲಕ್ಕೆ ಏಕೆ ಪತ್ರ ಎಂದು ತಾವು ಕೇಳಬಹುದು. ಹೆಣ್ಣು ಕೊಟ್ಟ ಮಾವ ಅಳಿಯನ ಎದುರಿಗೆ ಬಾಯಿಬಿಟ್ಟು ಆಡಲಾಗದ ಮಾತು ಕೆಲವಿವೆ. ಮೊಲದ ಎದುರಿಗೆ ಆಡಬಾರದ ಮಾತು ಯಾವುದೂ ಇರುವಂತೆ ಹಿರಿಯರು ನನಗೆ ಹೇಳಿಕೊಟ್ಟಿಲ್ಲ. ಆದ್ದರಿಂದ ತಮ್ಮನ್ನು ಈ ಸಂಜೆ ಬುಟ್ಟಿಯಲ್ಲಿ ಕೂರಿಸಿಕೊಂಡು ಚಾವಡಿಯ ಕಟ್ಟೆಗೆ ತಂದು, ಊರು ಕೂತಿರುವಾಗ ಈ ಪತ್ರವನ್ನು ತಮ್ಮ ಸಮ್ಮುಖದಲ್ಲಿ ಓದುತ್ತಿದ್ದೇನೆ. ಕೇಳುವವರ ನಡುವೆ ನನ್ನ ಅಳಿಯನೂ ಕಂಬಕ್ಕೆ ಒರಗಿ ಕೂತಿದ್ದರೆ ಅದು ಕಟ್ಟೆ ಎಲ್ಲರದೂ ಆಗಿರುವುದರಿಂದ. ಪತ್ರ ಮಾತ್ರ ತಮಗೆ.

ಮೊದಲು ತಿಮ್ಮವ್ವನ ಸಂಗತಿ ತಮಗೆ ತಿಳಿಯಲಿ. ಮದುವೆಯಾಗಿ ನಾಲ್ಕು ವರ್ಷ. ಮೊದಲ ಮಗ ಹುಟ್ಟಿದಾಗ ಆರನೆಯ ವಾರಕ್ಕೆ ಗಾಡಿ ಬಂತು, ಕಳಿಸಿದೆವು. ವರ್ಷ ತುಂಬುವುದರೊಳಗೆ ಎರಡನೆಯದು ಹೊಟ್ಟೆಯಲ್ಲಿತ್ತು. ಅದು ಹುಟ್ಟಿ ಹತ್ತೊಂಬತ್ತು ದಿನ ಇದ್ದು ಹೋಯಿತು. “ಕೂಸ ಇಲ್ಲಂದ ಮ್ಯಾಲೆ ಬಾಣಂತನ ಯಾರಿಗೆ?” ಎಂದು ಆಗಲೂ ಗಾಡಿ ಬಂತು, ಆಗಲೂ ಕಳಿಸಿದೆವು. ಈಗ ಮೂರನೆಯದು, ಹೆಣ್ಣು. ಹೆತ್ತವಳು ನೆಲದಿಂದ ಏಳಬೇಕಾದರೆ ಗೋಡೆಗೆ ಕೈ ಕೊಡುತ್ತಾಳೆ. ತುಟಿ ಸುಣ್ಣದಂತಿದೆ, ಉಗುರು ಅದಕ್ಕಿಂತ ಬಿಳುಪು. ಬಿಳುಪು ತಮ್ಮ ವಂಶಕ್ಕೆ ಅಲಂಕಾರವಾಗಿರಬಹುದು, ನಮ್ಮಲ್ಲಿ ಅದನ್ನು ಕಂಡರೆ ತಾಯಂದಿರು ರಾತ್ರಿ ನಿದ್ದೆ ಮಾಡುವುದಿಲ್ಲ. ಮೈಮುನಾಬಿ ನನ್ನ ಹೆಂಡತಿ ಮುದುಕಮ್ಮನಿಗೆ ಬಾಗಿಲಲ್ಲಿಯೇ ಹೇಳಿ ಹೋಗಿದ್ದಾಳೆ: “ಒಂದು ವರ್ಷದಾಗ ಇದಕ್ಕ ಮತ್ತ ಬಸುರಾತಂದ್ರ ನನಗ ಹೇಳಿ ಕಳಿಸಬ್ಯಾಡ ಮುದುಕಮ್ಮ. ಕುಣಿ ತೋಡೋರಿಗೆ ಹೇಳಿ ಕಳಿಸು.”

ಇನ್ನು ತಮ್ಮ ಸಾಧನೆಗಳಿಗೆ ಬರುತ್ತೇನೆ.

ತಾವು ದಸರೆಗೆ ಬಂದಾಗ ನಮ್ಮ ಓಣಿಯಲ್ಲಿ ಸಾಕಿದ ಮೊಲವನ್ನು ಕಂಡವರು ಯಾರೂ ಇರಲಿಲ್ಲ; ಅಡವಿಯ ಮೊಲವನ್ನು ಕಂಡವರಿದ್ದರು, ಆದರೆ ಅವರು ಅದನ್ನು ಮಸಾಲೆಯ ಜೊತೆಗೆ ಕಂಡಿದ್ದರು. ಆದ್ದರಿಂದ ತಮ್ಮಂಥವರನ್ನು ಹೇಗೆ ಇಡಬೇಕೆಂದು ನಮಗೆ ಹೇಳಿಕೊಡುವವರಿರಲಿಲ್ಲ. ಜಿನ್ನಿನ ಗಿರಣಿಯಲ್ಲಿ ಬೀಜ ಬಿಡಿಸಿದ ಹತ್ತಿಯ ಅರಳೆಯಂತಿದ್ದ ತಮ್ಮ ಪತ್ನಿಗೆ ಮುದುಕಮ್ಮ ‘ಅರಳಿ’ ಎಂದು ಹೆಸರಿಟ್ಟಳು. ಕೂತ ಗತ್ತಿನಿಂದ ತಾವು ತಾವಾಗಿಯೇ ಸರದಾರರಾದಿರಿ. ಒಂದು ಗರಿಕೆಯ ಎಳೆಯನ್ನು ಇಬ್ಬರೂ ಎರಡು ತುದಿಯಿಂದ ತಿನ್ನುತ್ತ ಬಂದು ಮೂತಿಗೆ ಮೂತಿ ಮುಟ್ಟಿಸುವುದನ್ನು ನೋಡಲು ಓಣಿಯ ಹೆಂಗಸರು ಬರುತ್ತಿದ್ದರು. “ನೋಡಿ ಕಲೀರಿ,” ಎಂದು ಗಂಡಂದಿರಿಗೆ ಹೇಳಿದವರೂ ಉಂಟು. ಅವರು ಏನು ಕಲಿತರೋ ನನಗೆ ತಿಳಿಯದು.

ಹತ್ತು ದಿನ ಕಳೆಯಿತು. ಒಂದು ಸಂಜೆ ಅರಳಿ ತನ್ನ ಎದೆಯ ಕೂದಲನ್ನು ತಾನೇ ಬಾಯಿಂದ ಕಿತ್ತು ಕಿತ್ತು ಮೂಲೆಗೆ ಒಯ್ಯತೊಡಗಿತು. ಮುದುಕಮ್ಮ ಹೌಹಾರಿ, ಓಣಿಯ ಹೆಂಗಸರ ಕಣ್ಣು ತಾಗಿದೆಯೆಂದು ಉಪ್ಪು ಮೆಣಸಿನಕಾಯಿ ಇಳಿಸಿ ಒಲೆಗೆ ಹಾಕಿದಳು. ಮೆಣಸಿನಕಾಯಿ ಘಾಟು ಬಂತು, ಅಂದರೆ ದೃಷ್ಟಿ ದೊಡ್ಡದೇನಲ್ಲ ಎಂದು ಸಮಾಧಾನಪಟ್ಟೆವು. ಆ ಮೇಲೆ ನಾನು, ಮನೆ ಸ್ವಚ್ಛವಾಗಿರಬೇಕೆನ್ನುವ ನಾನು, ಮೂಲೆಯಲ್ಲಿ ಬಿದ್ದಿದ್ದ ಕೂದಲನ್ನೆಲ್ಲ ಪೊರಕೆಯಿಂದ ಗುಡಿಸಿ ಹೊರಗೆ ಚೆಲ್ಲಿದೆ. ಬೆಳಿಗ್ಗೆ ನೋಡಿದರೆ ಬರೀ ಬಿದಿರಿನ ಮೇಲೆ ನಾಲ್ಕು ಮರಿ, ಮೈಮೇಲೆ ಒಂದು ರೋಮವಿಲ್ಲ, ಸುಲಿದ ಗೆಣಸಿನಂತೆ ಕೆಂಪಗೆ. ತಾಯಿ ಹಾಸಿದ ಹಾಸಿಗೆಯನ್ನು ನಾನು ತಿಪ್ಪೆಗೆ ಹಾಕಿದ್ದೆ. ಎರಡು ಮರಿ ಚಳಿಗೆ ಹೋದವು.

ಅದೇ ಮಧ್ಯಾಹ್ನ ತಾವು ಬಾಣಂತಿಯ ಬೆನ್ನೇರಿದಿರಿ. ನಾವೆಲ್ಲ ಮುಖ ಆ ಕಡೆ ತಿರುಗಿಸಿಕೊಂಡೆವು. ಹಾಗೆ ತಿರುಗಿಸಿಕೊಳ್ಳುವುದು ಮರ್ಯಾದೆ ಎಂದು ಆಗ ತಿಳಿದಿದ್ದೆವು.

ಇದಾದ ಹತ್ತು ದಿನಕ್ಕೆ ಬಂದ ದೀಪಾವಳಿಯಲ್ಲಿ ತಾವು ನನ್ನ ಅಳಿಯನಿಗೆ ಆದರ್ಶ ದಂಪತಿಗಳಾಗಿ ಕಂಡಿರಿ. ಮತ್ತೆ ಇಪ್ಪತ್ತು ದಿನಕ್ಕೆ, ತಿಮ್ಮವ್ವನಿಗೆ ಬೇನೆ ಬಂದ ಆ ದಿನವೇ, ಅರಳಿ ಎರಡನೆಯ ಸಲ ಮರಿ ಹಾಕಿತು. ಮನೆಯಲ್ಲಿ ಎಲ್ಲರ ಕಣ್ಣೂ ಒಳಗಿನ ಕೋಣೆಯ ಬಾಗಿಲ ಮೇಲಿದ್ದದ್ದರಿಂದ ಗೂಡಿನೊಳಗೆ ಯಾರೂ ಬಗ್ಗಿ ನೋಡಲಿಲ್ಲ. ಐದು ಮರಿ ಹುಟ್ಟಿದ್ದವೆಂದು ಆಮೇಲೆ ಸತ್ತವನ್ನು ಎಣಿಸಿದಾಗ ತಿಳಿಯಿತು. ಹಳೆಯ ಎರಡು ಮರಿ ಇನ್ನೂ ತಾಯಿಯ ಹೊಟ್ಟೆಯ ಕೆಳಗೆ ನುಗ್ಗುತ್ತಿದ್ದವು, ಹಿಂದಿನಿಂದ ತಾವು ಅಟ್ಟುತ್ತಿದ್ದಿರಿ, ತಾಯಿ ಗೂಡಿನ ತುಂಬ ಓಡುತ್ತಿತ್ತು. ಕಾಲಡಿಗೆ ಯಾರು ಸಿಕ್ಕರು ಯಾರು ಉಳಿದರು ಎಂದು ನೋಡುವ ಪುರುಸೊತ್ತು ಯಾರಿಗೂ ಇರಲಿಲ್ಲ. ಮೂರನೆಯ ದಿನ ಮೈಮುನಾಬಿ ಬಂದು ಬಗ್ಗಿ ನೋಡಿದಾಗ ಹೊಸ ಮರಿ ಒಂದೇ ಉಳಿದಿತ್ತು.

ಮೈಮುನಾಬಿ ತನ್ನ ಹರೆಯದಲ್ಲಿ ಲಿಂಗಸುಗೂರಿನ ದಂಡಿನ ಛಾವಣಿಯ ಬಂಗಲೆಯೊಂದರಲ್ಲಿ ಆಯಾ ಆಗಿದ್ದವಳು. ಅಲ್ಲಿನ ದೊರೆಸಾನಿ ಸಾಕಿದ್ದ ಹದಿನಾಲ್ಕು ಮೊಲಗಳೂ ಇವಳ ಕೈಯಲ್ಲೇ ಬೆಳೆದವು. ಗೂಡಿನೊಳಗೆ ಕೈ ಹಾಕಿ ಅರಳಿಯ ಹೊಟ್ಟೆ ಮುಟ್ಟಿ ನೋಡಿ, ಆಮೇಲೆ ತಮ್ಮ ಮುಖವನ್ನು ಒಂದು ಸಲ ನೋಡಿ, “ಇವನ್ನ ಒಂದ ಕಡೆ ಇಟ್ಟೋರ್ಯಾರು?” ಎಂದಳು.

“ಜೋಡಿ ಅಗಲಿಸಬಾರದಂತ ನಾನ ಇಟ್ಟೀನಿ,” ಎಂದಳು ಮುದುಕಮ್ಮ.

“ಅಗಲಿಸಬಾರದು ಖರೆ ಐತಿ. ಎರಡೂ ಹೆಣ್ಣಿದ್ರ ಕಡೀತನಕ ಕೂಡೇ ಇಡು. ಜಗಳಾಡಿ ನಾಕು ಕೂದ್ಲ ಹಾರಿದ್ರೂ ಇರ್ಲಿ ಬಿಡು, ಅಕ್ಕ ತಂಗಿ ಜಗಳ ಅದು. ರಕ್ತ ಕಂಡ್ತಂದ್ರ ಮಾತ್ರ ಅವತ್ತ ಬ್ಯಾರೆ ಮಾಡು. ಗಂಡು ಹೆಣ್ಣು ಇದ್ದಾಗ, ಹೆಣ್ಣು ಎದಿ ಕೂದ್ಲ ಕಿತ್ತು ಹಾಸಾಕತ್ತಿತೋ, ಗಂಡನ್ನ ಆಚೆ ಹಾಕು, ತಡಾ ಮಾಡಬ್ಯಾಡ. ಮರಿ ಹಾಕಿದ ದಿನಾನ ಇದಕ್ಕ ಮತ್ತ ಬಸುರು ನಿಲ್ಲತೈತಿ. ಹಾಲು ಯಾವ ಮರಿಗೆ ಕೊಡಬೇಕವ್ವ ಅದು? ಹೊರಗ ಇದ್ದದ್ದಕ್ಕೋ, ಒಳಗ ಇದ್ದದ್ದಕ್ಕೋ?”

ಆಗ ಬಾಣಂತಿಯ ಕೋಣೆಯಿಂದ ತಿಮ್ಮವ್ವನ ಸಣ್ಣ ದನಿ ಬಂತು: “ಚಿಗವ್ವ, ಇದನ್ನ ಮೊಲಕ್ಕ ಹೇಳಾಕತ್ತೀಯೋ, ನಮ್ಮ ಮನಿಯವರಿಗೆ ಹೇಳಾಕತ್ತೀಯೋ?”

ಎಲ್ಲರೂ ನಕ್ಕೆವು. ನಗು ಮುಗಿದ ಮೇಲೆ ಮುದುಕಮ್ಮ ಹಿತ್ತಿಲಿನ ನೀರೊಲೆಯ ಕಡೆ ತಿರುಗಿ ಬಹಳ ಹೊತ್ತು ಊದುಗೊಳವೆ ಊದಿದಳು. ಒಲೆ ಚೆನ್ನಾಗಿಯೇ ಉರಿಯುತ್ತಿತ್ತು.

ಮುಂದೆ ನಮ್ಮ ಮನೆಯವರು ಮಾಡಿದ ಕೆಲಸವನ್ನು ತಾವು ಕ್ಷಮಿಸಬೇಕು, ಏಕೆಂದರೆ ‘ಬೇರೆ ಮಾಡು’ ಎಂದರೆ ನಮಗೆ ಗೊತ್ತಿದ್ದ ರೀತಿ ಒಂದೇ. ಅರಳಿಯನ್ನು ತವರಿಗೆ ಕಳಿಸುವುದೆಂದು ಮುದುಕಮ್ಮ ನಿಶ್ಚಯಿಸಿದಳು. ಅಳಿಯ ತಂದ ಮೊಲಕ್ಕೆ ನಮ್ಮದು ಅತ್ತೆಯ ಮನೆ ಆಗುತ್ತದಾದ್ದರಿಂದ ತವರು ಬೇರೆ ಬೇಕು ಎಂದು, ಬಳಗಾನೂರಿನಲ್ಲಿರುವ ನನ್ನ ತಂಗಿ ಆದಮ್ಮನ ಮನೆಯನ್ನೇ ತವರೆಂದು ಗೊತ್ತುಮಾಡಿದಳು. ಬುಟ್ಟಿಗೆ ಹಸಿರು ಖಣ ಸುತ್ತಿ, ಅರಿಸಿನ ಕುಂಕುಮ ಹಚ್ಚಿ, ಒಂದು ಹಿಡಿ ಜೋಳದಿಂದ ಉಡಿ ತುಂಬಿ, ಮರಿಗಳ ಸಮೇತ ಅರಳಿಯನ್ನು ಗಾಡಿ ಹತ್ತಿಸಿದೆವು. ಉಡಿಯ ಜೋಳವನ್ನು ಅದು ಊರ ಅಗಸೆ ಬಾಗಿಲು ದಾಟುವ ಮೊದಲೇ ತಿಂದು ಮುಗಿಸಿತು ಎಂಬುದೊಂದೇ ಆ ಪ್ರಯಾಣದಲ್ಲಿ ನಡೆದ ಶುಭ.

ಏಕೆಂದರೆ ಆಮೇಲೆ ಅದು ಏನನ್ನೂ ಸರಿಯಾಗಿ ತಿನ್ನಲಿಲ್ಲ. ಇತ್ತ ತಾವೂ ತಿನ್ನಲಿಲ್ಲ. ಮೂರು ದಿನ ಗೋಡೆಗೆ ಮುಖ ಮಾಡಿ ಕೂತು, ಹಿಂಗಾಲಿನಿಂದ ಗೂಡಿನ ತಳವನ್ನು ಗುದ್ದುತ್ತ, ಕುದುರೆಮಸಾಲೆಯನ್ನು ಮೂಸಿ ಬಿಟ್ಟಿರಿ. ಎಂಟನೆಯ ದಿನ ಆದಮ್ಮ ಹೇಳಿಕಳಿಸಿದಳು: “ಅಣ್ಣಾ, ನಿಮ್ಮ ಮಗಳು ಮೂಲಿ ಹಿಡದು ಕುಂತಾಳ. ಸಣ್ಣ ಮರಿ ಹೋತು. ಇನ್ನ ಎಂಟು ದಿನ ಇಟ್ಟರ ಇದೂ ಹೋಗತೈತಿ.” ಮೈಮುನಾಬಿಗೆ ವಿಷಯ ತಿಳಿದು ಅವಳು ನಮಗೆ ಮಾಡಿದ ಮಂಗಳಾರತಿಯನ್ನು ಇಲ್ಲಿ ಬರೆಯಲಾರೆ. “ಬ್ಯಾರೆ ಮಾಡು ಅಂದ್ರ ದೇಶಾಂತರ ಮಾಡು ಅಂದ್ನೇನು? ಒಂದರ ವಾಸನಿ ಒಂದಕ್ಕ ಸಿಗಬೇಕು. ನೋಡಬೇಕು, ಮೂಸಬೇಕು. ಮೈ ಮುಟ್ಟಬಾರದು, ಅಷ್ಟ,” ಎಂಬುದು ಅದರ ಸಾರಾಂಶ.

ಅರಳಿ ತಿರುಗಿ ಬಂತು. ಮೇದಾರ ದುರುಗಪ್ಪ ಗೂಡಿನ ನಡುವೆ, ಬೆರಳು ಹೋಗುವಷ್ಟು ಸಂದು ಬಿಟ್ಟು, ಒಂದು ಬಿದಿರಿನ ತಡಿಕೆ ಹೆಣೆದು ನಿಲ್ಲಿಸಿದ. ಎಡಕ್ಕೆ ತಾವು, ಬಲಕ್ಕೆ ಅರಳಿ ಮತ್ತು ಬೆಳೆದ ಎರಡು ಮರಿ. ಒಬ್ಬರ ವಾಸನೆ ಇನ್ನೊಬ್ಬರಿಗೆ ಮರೆಯದಿರಲೆಂದು ದಿನಾ ಬೆಳಿಗ್ಗೆ ತಮ್ಮ ಹುಲ್ಲನ್ನು ಅತ್ತ, ಅತ್ತಲಿನ ಹುಲ್ಲನ್ನು ಇತ್ತ ಬದಲಿಸಬೇಕೆಂದು ಮೈಮುನಾಬಿ ಅಪ್ಪಣೆ ಮಾಡಿದಳು. ಅವತ್ತೇ ಸಂಜೆ ಇಬ್ಬರೂ ತಡಿಕೆಗೆ ಮೂತಿ ಹಚ್ಚಿ ಕೂತು ಹೊಟ್ಟೆ ತುಂಬ ತಿಂದಿರಿ.

ಬಳಗಾನೂರಿಗೆ ಹೋಗುವ ಮೊದಲೇ ತಾವು ಮಾಡಿಟ್ಟಿದ್ದ ಉಪಕಾರ ಮಾತ್ರ ಉಳಿದಿತ್ತು. ಹದಿಮೂರು ದಿನದ ಹಿಂದೆ ಅರಳಿ ಮತ್ತೆ ಎದೆಯ ಕೂದಲು ಕೀಳತೊಡಗಿತು. ಈ ಸಲ ಯಾರೂ ದೃಷ್ಟಿ ತೆಗೆಯಲಿಲ್ಲ, ನಾನು ಪೊರಕೆ ಮುಟ್ಟಲಿಲ್ಲ. ಆರು ಮರಿ ಹುಟ್ಟಿದವು. ತಾಯಿ ದಿನಕ್ಕೆ ಒಂದೇ ಸಲ ಹೋಗಿ ಹಾಲು ಕೊಟ್ಟು, ಮಿಕ್ಕ ಹೊತ್ತು ಕಾಲು ಚಾಚಿ ಮಲಗುತ್ತದೆ. ಅದು ಕಾಲು ಚಾಚಿ ಮಲಗಿದ್ದನ್ನು ನಮ್ಮ ಮನೆಯವರು ಕಂಡದ್ದೇ ಇದು ಮೊದಲು. ಮೊನ್ನೆ ಮರಿಗಳು ಕಣ್ಣು ಬಿಟ್ಟವು. ಆರಕ್ಕೆ ಆರೂ ಇವೆ. ಮತ್ತು ಇಷ್ಟೂ ದಿನ ತಡಿಕೆಯ ಈಚೆ ಇದ್ದು ತಾವೂ ಇದ್ದೀರಿ, ಮೊದಲಿಗಿಂತ ತುಸು ದಪ್ಪಗೇ ಇದ್ದೀರಿ. ಆ ದೇಹವನ್ನು ಊರು ಕಣ್ಣಾರೆ ನೋಡಲಿ ಎಂದೇ ತಮ್ಮನ್ನು ಬುಟ್ಟಿಯಲ್ಲಿ ಕರೆತಂದದ್ದು.

ಮೊಲರಾಯರೇ, ತಮ್ಮ ಪ್ರೀತಿಯ ವಿಷಯದಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಪ್ರೀತಿಯಿಂದಲೇ ತಾವು ಬಾಣಂತಿಯನ್ನು ಅಟ್ಟಿದಿರಿ, ಪ್ರೀತಿಯಿಂದಲೇ ತಮ್ಮ ಮರಿಗಳ ಮೇಲೆ ಓಡಾಡಿದಿರಿ. ಇಷ್ಟು ಪ್ರೀತಿಯುಳ್ಳ ಗಂಡ ಇನ್ನೂ ಸ್ವಲ್ಪ ದಿನ ಪ್ರೀತಿಸಿದ್ದರೆ ಅರಳಿ ಇರುತ್ತಿರಲಿಲ್ಲ, ಆಗ ತಾವು ಗೋಡೆಗೆ ಮುಖ ಮಾಡಿ ಇನ್ನೂ ಹೆಚ್ಚಿಗೆ ಪ್ರೀತಿಸಬಹುದಾಗಿತ್ತು. ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳಿವೆ, ಸರದಾರರಿಗೆ ಅವು ಅಸಾಧ್ಯವಾಗಲಾರವು. ಮುಂದಿನ ಮರಿಗಳಲ್ಲಿ ಒಂದು ಮೂರನ್ನಾದರೂ ತಾವೇ ಹೊಟ್ಟೆಯಲ್ಲಿ ಹೊತ್ತು, ತಮ್ಮ ಎದೆಯ ಕೂದಲನ್ನೇ ಕಿತ್ತು ಹಾಸಿ, ಅದು ಹೇಗನಿಸಿತು ಎಂದು ನಮಗೆ ತಿಳಿಸಬೇಕು. ಅದು ಆಗದಿದ್ದರೆ ಸ್ವತಃ ಲಿಂಗಸುಗೂರಿಗೆ ದಯಮಾಡಿಸಿ, ಕಚೇರಿಯ ಮೆಟ್ಟಿಲ ಮೇಲೆ ನಿಂತು, ‘ದೀಪಾವಳಿಯಲ್ಲಿ ನನ್ನನ್ನು ನೋಡಿ ಮಾಡಿಕೊಂಡ ತಿಳಿವಳಿಕೆ ತಪ್ಪು, ಆಗ ನನ್ನ ಹೆಂಡತಿ ಸಾಯುತ್ತಿದ್ದಳು’ ಎಂದು ತಮ್ಮ ಸಾಕ್ಷಿಯನ್ನು ಹಿಂದಕ್ಕೆ ಪಡೆಯಬೇಕು. ಅಲ್ಲಿಗೆ ನಡೆದು ಹೋಗುವುದು ಆಯಾಸವೆನಿಸಿದರೆ ಖಾಲಿಯಾಗಿ ತಿರುಗಿ ಹೋಗುವ ಗಾಡಿ ನಮ್ಮ ಬಾಗಿಲಲ್ಲಿದೆ. ಅದರಲ್ಲಿ ತಮಗೆ ಒಂದು ಜಾಗ ಕೊಡಿಸುವ ಭಾರ ನನ್ನದು.

ಗಂಡು ಮೊಲಕ್ಕೆ ಒಂಟಿತನವಿಲ್ಲ ಎನ್ನುವಷ್ಟು ಕಲ್ಲೆದೆ ನನಗಿಲ್ಲ. ಲಿಂಗಸುಗೂರಿನ ಯಾವುದಾದರೂ ಬಾಡಿಗೆ ಮನೆಯಲ್ಲಿ ಒಂದು ಗಂಡು ಮೊಲ ರೊಟ್ಟಿ ಬಡಿಯಲು ಹೋಗಿ ಅದನ್ನು ಹೆಂಚಿನಂತೆ ಗಟ್ಟಿ ಮಾಡಿಕೊಂಡು, ಕೊನೆಗೆ ಅಂಗಡಿಯ ಚುರುಮುರಿ ತಿಂದು ಮಲಗುತ್ತಿದ್ದರೆ, ಅದರ ಸಂಕಟ ನನಗೆ ತಿಳಿಯುತ್ತದೆ. ಅಂಥ ಮೊಲ ವಾರಕ್ಕೊಮ್ಮೆ ಸಂತೆಯ ದಿನ ಮಸ್ಕಿಗೆ ಬರಲಿ. ಪಡಸಾಲೆಯಲ್ಲಿ ಚಾಪೆ ಇದೆ, ಮುದುಕಮ್ಮನ ಕೈಯ ಬಿಸಿ ರೊಟ್ಟಿ ಇದೆ, ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಳ್ಳಲಿ, ಹೆಂಡತಿಯ ಜೊತೆ ದಿನವಿಡೀ ಮಾತಾಡಲಿ. ರಾತ್ರಿ ಮಾತ್ರ ಅವಳು ತಾಯಿಯ ಹತ್ತಿರ ಮಲಗುತ್ತಾಳೆ. ಇಷ್ಟು, ಐದು ತಿಂಗಳಾಗುವ ದವನದ ಹುಣ್ಣಿಮೆಯವರೆಗೆ. ಆ ಹೊತ್ತಿಗೆ ಅವಳು ಗೋಡೆ ಹಿಡಿಯದೆ ಎದ್ದರೆ ನಾನೇ ಗಾಡಿ ಕಟ್ಟಿ ಕಳಿಸುತ್ತೇನೆ. ಏಳದಿದ್ದರೆ ಇನ್ನೊಂದು ಹುಣ್ಣಿಮೆ.

ಈ ದೂರಿನಲ್ಲಿ ಅರ್ಧ ನನ್ನ ಮೇಲೆಯೇ ಬರುತ್ತದೆ ಎಂಬುದು ನನಗೆ ತಿಳಿದಿದೆ. ಎರಡು ಸಲ ಗಾಡಿ ಬಂದಾಗಲೂ ಬಾಗಿಲಲ್ಲಿ ನಿಂತು ಉಡಿ ತುಂಬಿಸಿ ಕಳಿಸಿಕೊಟ್ಟವನು ನಾನು. ಆಗಲೂ ಮುಖ ಆ ಕಡೆ ತಿರುಗಿಸಿಕೊಂಡಿದ್ದೆ. ಮೂರನೆಯ ಸಲಕ್ಕೆ ಕತ್ತು ತಿರುಗಲಿಲ್ಲ, ವಯಸ್ಸಾಗಿರಬೇಕು.

ತಮ್ಮ ಅಮೂಲ್ಯವಾದ ಮೇಯುವ ಸಮಯವನ್ನು ಇಷ್ಟು ತೆಗೆದುಕೊಂಡದ್ದಕ್ಕೆ ಕ್ಷಮೆ ಬೇಡುತ್ತ,

ತಮ್ಮ ವಿಶ್ವಾಸಿ,
ಗದ್ದೆಪ್ಪ

ತಾಜಾ ಕಲಂ: ಮೇಲಿನದನ್ನು ಕಟ್ಟೆಯ ಮೇಲೆ ಓದಿಯಾದ ಮಾರನೆಯ ದಿನ ಇದನ್ನು ಬರೆಯುತ್ತಿದ್ದೇನೆ. ಓದುವಾಗ ತಾವು ಬುಟ್ಟಿಯ ಅಂಚನ್ನು ಕಡಿಯುತ್ತಿದ್ದದ್ದರಿಂದ ಕೇಳಿದವರು ಬೆಳಿಗ್ಗೆ ಏನೇನು ಮಾಡಿದರೆಂದು ತಮಗೆ ತಿಳಿದಿರಲಿಕ್ಕಿಲ್ಲ. ಹೊತ್ತು ಹುಟ್ಟುವ ಮೊದಲೇ ಮೇದಾರ ದುರುಗಪ್ಪನ ಮನೆಗೆ ಮೂವರು ಹೆಂಗಸರು ಬೇರೆ ಬೇರೆಯಾಗಿ ಬಂದು ತಡಿಕೆ ಹೆಣೆದುಕೊಡಲು ಹೇಳಿ ಹೋದರಂತೆ. ಮೂವರ ಮನೆಯಲ್ಲೂ ಮೊಲವಿಲ್ಲ. ಮೂರೂ ಆಳೆತ್ತರದವು ಬೇಕಂತೆ. ಬಾಣಂತಿ ಮಗಳನ್ನು ಎರಡನೆಯ ತಿಂಗಳಿಗೇ ಸಿಂಧನೂರಿನ ಗಂಡನ ಮನೆಗೆ ಕಳಿಸಿದ್ದ ನಮ್ಮೂರ ಶಾವಲಿ, ಯಾರಿಗೂ ಹೇಳದೆ ಎತ್ತು ಹೂಡಿಕೊಂಡು ಸಿಂಧನೂರಿನ ದಾರಿ ಹಿಡಿದಿದ್ದಾನೆ. ಇಷ್ಟೆಲ್ಲಕ್ಕೂ ತಾವೇ ಕಾರಣರಾದ್ದರಿಂದ ಸಿಂಧನೂರಿನವರ ಬೈಗುಳ ಬಂದರೆ ಅದನ್ನು ತಮ್ಮ ವಿಳಾಸಕ್ಕೇ ಕಳಿಸಲು ಹೇಳಿದ್ದೇನೆ.

ನನ್ನ ಅಳಿಯ ಪಂಪಣ್ಣ ಕಟ್ಟೆಯಿಂದ ಬಂದವನು ನೇರವಾಗಿ ಹೋಗಿ ಮಲಗಿದ್ದ. ಬೆಳಿಗ್ಗೆ ಎದ್ದು ಮೊದಲು ಹಿತ್ತಿಲಿಗೆ ಹೋಗಿ ತಮ್ಮ ಗೂಡಿನ ಮುಂದೆ ಮೈಮುನಾಬಿ ಕೂತಿದ್ದಂತೆಯೇ ಕುಕ್ಕರುಗಾಲಿನಲ್ಲಿ ಕೂತ. ಆರು ಮರಿಗಳನ್ನು ಬೆರಳು ಮಾಡಿ ಎಣಿಸಿದ. ಆಮೇಲೆ ಪಡಸಾಲೆಗೆ ಬಂದು, ಜೇಬಿನಿಂದ ಕಾಗದ ತೆಗೆದು, ತನಗೆ ತಿಳಿದ ವಿದ್ಯೆ ಅದೊಂದೇ ಆದ್ದರಿಂದ, ಅಂದವಾದ ಅಕ್ಷರದಲ್ಲಿ ಬರೆದು ಕೂಸಿನ ತೊಟ್ಟಿಲ ಮೇಲಿಟ್ಟ. ತಿಮ್ಮವ್ವನಿಗೆ ಓದಲು ಬಾರದು, ನನ್ನ ಕೈಗೆ ಕೊಟ್ಟಳು. ದವನದ ಹುಣ್ಣಿಮೆಯವರೆಗೆ ತವರಿನಲ್ಲಿರಲು ಮಂಜೂರು ಮಾಡಲಾಗಿದೆ ಎಂದು ಬರೆದು ಕೆಳಗೆ ರುಜು ಹಾಕಿದ್ದ. ಓದಿ ಹೇಳಿದೆ.

ತಿಮ್ಮವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ಕಾಗದದ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. “ನಾ ಅರ್ಜಿ ಕೊಟ್ಟಿದ್ದಿಲ್ಲಲ್ರಿ,” ಎಂದಳು.

ಪಂಪಣ್ಣ ಕಾಗದವನ್ನು ತಿರುಗಿ ಇಸಿದುಕೊಂಡ. ನಾಲ್ಕು ಮಡಿಕೆ ಮಾಡಿದ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು ನಿಂತ. ನಿಂತಲ್ಲಿಂದಲೇ ಕೇಳಿದ: “ಮತ್ತ ನಾ ಯಾವಾಗ ಬರ್ಲಿ?”

“ಸಂತಿಗೆ ಬರ್ರಿ. ಬ್ಯಾಡ ಅಂದೋರ್ಯಾರು?” ಎಂದಳು ತಿಮ್ಮವ್ವ. “ಗಾಡಿ ತರಬ್ಯಾಡ್ರಿ.”